ತೋಳಿನ ಮೇಲೆ ಹಳೆಯ ಕಲೆ, ಹೊಸ ಸೂಜಿ

ಮನೆಯಲ್ಲಿ ಅರವತ್ತೈದು, ಎಪ್ಪತ್ತು ದಾಟಿದ ಹಿರಿಯರಿದ್ದರೆ ಅವರ ತೋಳನ್ನೊಮ್ಮೆ ಗಮನಿಸಿ ನೋಡಿ. ಅನೇಕರ ತೋಳಿನ ಮೇಲೆ ನಾಲ್ಕಾಣೆ ನಾಣ್ಯದಷ್ಟು ಅಗಲದ, ಒಳಕ್ಕೆ ಕುಸಿದ ಒಂದು ಕಲೆ ಇರುತ್ತದೆ. ಕೆಲವರಿಗೆ ಎರಡು. ಏನಿದು ಎಂದು ಕೇಳಿದರೆ, ‘ಸಣ್ಣಾಕಿದ್ದಾಗ ದೇವಿ ಹಾಕಿದ್ದು’ ಎಂಬ ಉತ್ತರ ಬರುತ್ತದೆ.

ದೇವಿ ಎಂದರೆ ಸಿಡುಬು. ರೋಗವನ್ನೇ ದೇವಿ ಎಂದು ಕರೆದು ಕೈಮುಗಿಯುತ್ತಿದ್ದ ಜನ, ಅದನ್ನು ತಡೆಯುವ ಲಸಿಕೆಗೂ ಅದೇ ಹೆಸರನ್ನು ಕೊಟ್ಟುಬಿಟ್ಟರು. ‘ದೇವಿ ಹಾಕುವವರು ಬಂದರು’ ಎಂದರೆ ಮಕ್ಕಳು ಹಿತ್ತಿಲಿಗೆ ಓಡುತ್ತಿದ್ದ ಕಾಲವದು. ಭಾರತದಲ್ಲಿ ಸಿಡುಬಿನ ಕೊನೆಯ ಪ್ರಕರಣ ಕಂಡದ್ದು 1975ರಲ್ಲಿ. 1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇಡೀ ಜಗತ್ತೇ ಸಿಡುಬಿನಿಂದ ಮುಕ್ತವಾಯಿತೆಂದು ಸಾರಿತು. ಆ ಗೆಲುವಿನ ಗುರುತು ಇಂದು ಉಳಿದಿರುವುದು ಈ ಹಿರಿಯರ ತೋಳುಗಳ ಮೇಲೆ.

2021ರಲ್ಲಿ ಕೊರೋನಾ ಲಸಿಕೆ ಬಂದಾಗ, ‘ವಯಸ್ಸಾದವರಿಗೆ ತಿಳಿವಳಿಕೆ ಇಲ್ಲ, ಸೂಜಿ ಎಂದರೆ ಹೆದರುತ್ತಾರೆ’ ಎಂಬ ಮಾತು ಎಲ್ಲೆಡೆ ಕೇಳಿಬಂತು. ಆದರೆ ಲಸಿಕೆಯ ಫಲವನ್ನು ತಮ್ಮ ಮೈಮೇಲೇ ಹೊತ್ತವರು ಅವರೇ ಅಲ್ಲವೆ? ಹಾಗಾದರೆ ಗದಗ, ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಸೀಮೆಯ ಎಷ್ಟೋ ಮನೆಗಳಲ್ಲಿ ಹಿರಿಯರನ್ನು ಹೊಸ್ತಿಲಲ್ಲೇ ತಡೆದು ನಿಲ್ಲಿಸಿದ್ದು ಯಾವುದು?

ಪ್ಲೇಗಿನ ಕಾಲದ ಚೀಟಿ

ಈ ನಾಡಿಗೆ ಸೂಜಿಯ ಪರಿಚಯ ನಿನ್ನೆ ಮೊನ್ನೆಯದಲ್ಲ. 1896ರಲ್ಲಿ ಮುಂಬಯಿಗೆ ಕಾಲಿಟ್ಟ ಪ್ಲೇಗು ರೈಲಿನ ಹಾದಿ ಹಿಡಿದು ಧಾರವಾಡ ಜಿಲ್ಲೆಗೂ ಬಂತು. ಗದಗ ಆಗ ಆ ಜಿಲ್ಲೆಗೆ ಸೇರಿದ ಊರು. ಅದು ತಾನೇ ಜಿಲ್ಲೆಯಾದದ್ದು 1997ರಲ್ಲಿ. ವಾಲ್ಡೆಮಾರ್ ಹಾಫ್ಕಿನ್ ಎಂಬ ವಿಜ್ಞಾನಿ ಮುಂಬಯಿಯಲ್ಲಿ ಪ್ಲೇಗಿನ ಲಸಿಕೆ ಸಿದ್ಧಪಡಿಸಿ, 1897ರ ಜನವರಿಯಲ್ಲಿ ಮೊದಲು ತನ್ನ ಮೈಗೇ ಚುಚ್ಚಿಕೊಂಡು ಪರೀಕ್ಷಿಸಿದರು. ಮರುವರ್ಷ ಹುಬ್ಬಳ್ಳಿಯಲ್ಲಿ ಹತ್ತಾರು ಸಾವಿರ ಜನ ಅದನ್ನು ಹಾಕಿಸಿಕೊಂಡರು. ಧಾರವಾಡ, ಗದಗಗಳಲ್ಲೂ ಈ ಕೆಲಸ ನಡೆಯಿತು. ಊರು ಬಿಟ್ಟು ಹೊಲದಲ್ಲಿ ಜೋಪಡಿ ಹಾಕಿಕೊಂಡು ಬದುಕಿದ ಜನರ ಕಥೆಗಳು ಈ ಭಾಗದಲ್ಲಿ ಬಹುಕಾಲ ಉಳಿದವು. ಲಸಿಕೆ ಹಾಕಿಸಿಕೊಂಡವರಿಗೆ ಒಂದು ಚೀಟಿ ಸಿಗುತ್ತಿತ್ತು. ಅದಿದ್ದವರಿಗೆ ಕೆಲವು ನಿರ್ಬಂಧಗಳಿಂದ ವಿನಾಯಿತಿ ಇತ್ತು. 2021ರ ಪ್ರಮಾಣಪತ್ರಕ್ಕೆ ಹಿರಿಯಣ್ಣನೊಬ್ಬ ಆಗಲೇ ಇದ್ದನೆಂದಾಯಿತು.

ಹಿರಿಯರೇ ಏಕೆ ಮೊದಲು?

ಭಾರತದಲ್ಲಿ ಕೊರೋನಾ ಲಸಿಕೆಯ ಕಾರ್ಯಕ್ರಮ 2021ರ ಜನವರಿ 16ರಂದು ಆರಂಭವಾಯಿತು. ಮೊದಲ ಸರದಿ ಆಸ್ಪತ್ರೆಯ ಸಿಬ್ಬಂದಿಯದು. ಮಾರ್ಚ್ 1ರಿಂದ ಅರವತ್ತು ದಾಟಿದವರಿಗೂ, ಬೇರೆ ಕಾಯಿಲೆಗಳಿದ್ದ ನಲವತ್ತೈದು ದಾಟಿದವರಿಗೂ ಬಾಗಿಲು ತೆರೆಯಿತು. ಏಪ್ರಿಲ್ 1ರಿಂದ ನಲವತ್ತೈದು ದಾಟಿದ ಎಲ್ಲರಿಗೂ ಅವಕಾಶವಾಯಿತು.

ಹಿರಿಯರಿಗೆ ಈ ಆದ್ಯತೆ ಮರ್ಯಾದೆಗಾಗಿ ಕೊಟ್ಟದ್ದಲ್ಲ. ವಿದ್ಯಾರ್ಥಿಗಳು ಇದರ ಕಾರಣವನ್ನು ತಿಳಿಯಬೇಕು. ನಮ್ಮ ಎದೆಗೂಡಿನಲ್ಲಿ ಥೈಮಸ್ ಎಂಬ ಒಂದು ಗ್ರಂಥಿ ಇದೆ. ರೋಗಾಣುಗಳೊಡನೆ ಹೋರಾಡುವ ‘ಟಿ’ ಎಂಬ ಜೀವಕೋಶಗಳು ಅಲ್ಲಿ ಪಳಗುತ್ತವೆ. ವಯಸ್ಸಾದಂತೆ ಈ ಗ್ರಂಥಿ ಕುಗ್ಗುತ್ತದೆ. ಹೊಸ ಪಡೆ ಕಡಿಮೆಯಾಗುತ್ತದೆ. ಹಿಂದೆಂದೂ ಕಾಣದ ವೈರಸ್ ಬಂದರೆ ಅದನ್ನು ಗುರುತಿಸಿ ಎದುರಿಸುವಷ್ಟರಲ್ಲಿ ತಡವಾಗುತ್ತದೆ. ಜತೆಗೆ ಸಕ್ಕರೆ ಕಾಯಿಲೆ, ರಕ್ತದೊತ್ತಡಗಳೂ ಇದ್ದರೆ ಅಪಾಯ ಇನ್ನೂ ಹೆಚ್ಚು. ಲಸಿಕೆ ಎಂದರೆ ಯುದ್ಧಕ್ಕೆ ಮುಂಚೆ ಶತ್ರುವಿನ ಮುಖ ತೋರಿಸಿ ಪಡೆಯನ್ನು ಸಜ್ಜುಗೊಳಿಸಿದಂತೆ. ಅದು ಸೋಂಕನ್ನು ಪೂರ್ತಿ ತಡೆಯಲಿಲ್ಲ. ಆದರೆ ರೋಗ ಉಲ್ಬಣಿಸುವುದನ್ನೂ ಸಾವನ್ನೂ ಬಹಳಷ್ಟು ತಗ್ಗಿಸಿತು.

‘ನನಗ್ಯಾಕಪಾ ಇನ್ನ?’

ಇಷ್ಟೆಲ್ಲ ಶಾಸ್ತ್ರ ಸರಿ. ಆದರೆ ಮನೆಯ ಪಡಸಾಲೆಯಲ್ಲಿ ನಡೆದ ಮಾತುಕತೆಯೇ ಬೇರೆ. ‘ನನಗ್ಯಾಕಪಾ ಇನ್ನ ಸೂಜಿ? ಉಂಡದ್ದಾತು, ತಿಂದದ್ದಾತು. ಸಣ್ಣವರಿಗೆ ಮಾಡಸ್ರಿ.’ ಈ ಮಾತನ್ನು ಗದಗ ಸೀಮೆಯಲ್ಲಿ ಆ ದಿನಗಳಲ್ಲಿ ಕೇಳದ ಮನೆ ಅಪರೂಪ. ಮೇಲುನೋಟಕ್ಕೆ ಇದು ನಿರಾಕರಣೆ. ಒಳಗೆ ಇಳಿದು ನೋಡಿದರೆ ಅದರಲ್ಲಿ ಎರಡು ಸಂಗತಿಗಳಿದ್ದವು. ಒಂದು, ಸಿಗುವುದು ಕಡಿಮೆಯಿದ್ದಾಗ ಮಕ್ಕಳಿಗೆ ಬಡಿಸಿ ತಾನು ಉಳಿದದ್ದನ್ನು ಉಣ್ಣುವ ತಾಯಿಯ ರೂಢಿ. ಇನ್ನೊಂದು, ಮನೆಯವರಿಗೆ ಹೊರೆಯಾಗಬಾರದೆಂಬ ಸಂಕೋಚ.

ಆ ಸಂಕೋಚಕ್ಕೆ ಕಾರಣಗಳು ಇರದೆ ಇರಲಿಲ್ಲ. ಲೆಕ್ಕ ಹಾಕಿ ನೋಡಿ. ಬೆಳ್ಳಟ್ಟಿಯಿಂದ ಶಿರಹಟ್ಟಿಗೋ, ಡಂಬಳದಿಂದ ಮುಂಡರಗಿಗೋ, ಶಿಗ್ಲಿಯಿಂದ ಲಕ್ಷ್ಮೇಶ್ವರಕ್ಕೋ ಹೋಗಬೇಕಾದರೆ ಬಸ್ಸೇ ಗತಿ. 2021ರ ಏಪ್ರಿಲ್ 7ರಿಂದ 21ರ ತನಕ ರಾಜ್ಯದ ಸಾರಿಗೆ ನೌಕರರ ಮುಷ್ಕರ. ನಲವತ್ತೈದು ದಾಟಿದವರಿಗೆಲ್ಲ ಲಸಿಕೆ ತೆರೆದ ಏಳನೆಯ ದಿನಕ್ಕೇ ಬಸ್ಸು ನಿಂತವು. ಅದು ಮುಗಿದು ವಾರವಾಗುವಷ್ಟರಲ್ಲಿ, ಏಪ್ರಿಲ್ 27ರಿಂದ ಎರಡನೆಯ ಅಲೆಯ ನಿರ್ಬಂಧಗಳು ಬಂದವು. ಮಗನ ಬೈಕಿನ ಹಿಂದೆ ಕೂಡಲಾರದ ಅಜ್ಜಿ ಆಸ್ಪತ್ರೆಗೆ ಹೋಗುವುದು ಹೇಗೆ?

ಆರೋಗ್ಯ ಕೇಂದ್ರ ಹತ್ತಿರವೇ ಇದ್ದರೂ ಒಂದು ತೊಡಕಿತ್ತು. ಕೋವಿಶೀಲ್ಡ್ ಲಸಿಕೆಯ ಒಂದು ಸೀಸೆಯಲ್ಲಿ ಹತ್ತು ಜನರಿಗಾಗುವಷ್ಟು ಔಷಧಿ. ಮುಚ್ಚಳ ತೆರೆದ ಮೇಲೆ ನಾಲ್ಕು ಗಂಟೆಯೊಳಗೆ ಅದು ಮುಗಿಯಬೇಕು, ಇಲ್ಲವಾದರೆ ವ್ಯರ್ಥ. ಹೀಗಾಗಿ ‘ಹತ್ತು ಮಂದಿ ಕೂಡಲಿ, ಆಮ್ಯಾಲೆ ತೆಗೀತೀವಿ’ ಎನ್ನುವುದು ನರ್ಸಬಾಯಿಯ ಅನಿವಾರ್ಯತೆ. ಬೆಳಿಗ್ಗೆ ರೊಟ್ಟಿ ತಿಂದು ಬಂದು ಮಧ್ಯಾಹ್ನದವರೆಗೆ ಕಟ್ಟೆಯ ಮೇಲೆ ಕುಳಿತಿರುವುದು ಸಕ್ಕರೆ ಕಾಯಿಲೆಯ ಹಿರಿಯರಿಗೆ ಸುಲಭವೆ?

ಇನ್ನು ದುಡಿಮೆಯ ಮಾತು. ಬೆಟಗೇರಿಯ ಮಗ್ಗದ ಮನೆಯಲ್ಲಿ ವಯಸ್ಸಾದವರೂ ಸುಮ್ಮನೆ ಕೂಡುವುದಿಲ್ಲ, ಕಂಡಿಕೆ ಸುತ್ತುತ್ತಾರೆ. ಹೊಲದ ಮನೆಯಲ್ಲಿ ಜೂನ್ ಎಂದರೆ ಹೆಸರು ಬಿತ್ತುವ ಹೊತ್ತು. ಸೂಜಿ ಮಾಡಿಸಿದರೆ ಒಂದೆರಡು ದಿನ ಮೈ ಕಾಯುತ್ತದೆ, ಕೈ ನೋಯುತ್ತದೆ ಎಂಬುದು ನಿಜವೇ ಆಗಿತ್ತು. ಕೂಲಿಯ ಮನೆಗೆ ಎರಡು ದಿನದ ಜ್ವರ ಎಂದರೆ ಎರಡು ದಿನದ ಪಗಾರ. ಅದನ್ನು ಹೆದರಿಕೆ ಎನ್ನುವುದಕ್ಕಿಂತ ಲೆಕ್ಕಾಚಾರ ಎನ್ನುವುದೇ ಸರಿ.

ಬದಲಾದ ತಾರೀಖು

ಮೊದಲ ಸೂಜಿಯಾದ ಹಿರಿಯರನ್ನು ಕಾಡಿದ್ದು ಎರಡನೆಯದರ ತಾರೀಖು. ಮಾರ್ಚ್ ಮೊದಲಲ್ಲಿ ಕೋವಿಶೀಲ್ಡ್ ಹಾಕಿಸಿಕೊಂಡವರಿಗೆ ನಾಲ್ಕು ವಾರ ಬಿಟ್ಟು ಬನ್ನಿ ಎಂದರು. ಮಾರ್ಚ್ 22ರಂದು ಆ ಅಂತರ ಆರರಿಂದ ಎಂಟು ವಾರವಾಯಿತು. ಮೇ 13ರಂದು ಹನ್ನೆರಡರಿಂದ ಹದಿನಾರು ವಾರವಾಯಿತು. ಕೊವ್ಯಾಕ್ಸಿನ್ ಹಾಕಿಸಿಕೊಂಡವರಿಗೆ ಮಾತ್ರ ನಾಲ್ಕರಿಂದ ಆರು ವಾರ. ಅಂತರ ಹೆಚ್ಚಿದಷ್ಟೂ ಕೋವಿಶೀಲ್ಡ್ ಹೆಚ್ಚು ಗುಣ ಕೊಡುತ್ತದೆ ಎಂಬುದಕ್ಕೆ ಅಧ್ಯಯನಗಳ ಆಧಾರವಿತ್ತು. ಆದರೆ ಅದೇ ಹೊತ್ತಿಗೆ ಲಸಿಕೆಯ ಕೊರತೆಯೂ ಇದ್ದುದರಿಂದ ಜನರಿಗೆ ಎರಡೂ ಒಂದೇ ಆಗಿ ಕಂಡವು. ಕೊರತೆ ಎಷ್ಟಿತ್ತೆಂದರೆ, ಎರಡನೆಯ ಸೂಜಿಗೆ ಕಾಯುವವರಿಗಾಗಿ ಕರ್ನಾಟಕ ಸರ್ಕಾರ ಹದಿನೆಂಟರಿಂದ ನಲವತ್ತನಾಲ್ಕು ವಯಸ್ಸಿನವರ ಸರದಿಯನ್ನು ಮೇ 14ರಿಂದ ಕೆಲಕಾಲ ನಿಲ್ಲಿಸಬೇಕಾಯಿತು.

ಪೆನ್ನಿನಲ್ಲಿ ಬರೆದುಕೊಟ್ಟ ತಾರೀಖನ್ನು ನಂಬಿ, ಚೀಟಿಯನ್ನು ದೇವರ ಜಗಲಿಯ ಮೇಲಿಟ್ಟ ಅಜ್ಜನಿಗೆ ಈ ಬದಲಾವಣೆಗಳನ್ನು ಕೂತು ಹೇಳಿದವರು ಎಷ್ಟು ಮಂದಿ? ಹೇಳದ ಕಡೆ ವದಂತಿ ಬಂದು ಕೂತಿತು. ಲಸಿಕೆ ಹಾಕಿಸಿಕೊಂಡವರು ಎರಡೇ ವರ್ಷದಲ್ಲಿ ಸಾಯುತ್ತಾರೆಂಬ ಸುಳ್ಳು 2021ರ ಮೇ ತಿಂಗಳಲ್ಲಿ ವಾಟ್ಸಾಪ್‌ನಲ್ಲಿ ದೇಶವೆಲ್ಲ ಸುತ್ತಿತು. ಆ ಎರಡು ವರ್ಷಗಳು ಎಂದೋ ಕಳೆದವು. ಸೂಜಿ ಮಾಡಿಸಿಕೊಂಡ ಅಜ್ಜಿಯರು ಇಂದಿಗೂ ರೊಟ್ಟಿ ಬಡಿಯುತ್ತಿದ್ದಾರೆ. ಹಾಗೆಂದು ಲಸಿಕೆಗೆ ಅಡ್ಡಪರಿಣಾಮವೇ ಇಲ್ಲವೆಂದಲ್ಲ. ಕೋವಿಶೀಲ್ಡ್ ಬಗೆಯ ಲಸಿಕೆಯಿಂದ ಅತ್ಯಪರೂಪಕ್ಕೆ ರಕ್ತ ಹೆಪ್ಪುಗಟ್ಟುವ ತೊಂದರೆ ಆಗಬಹುದೆಂದು 2021ರಲ್ಲೇ ಗೊತ್ತಾಗಿತ್ತು. ಇದ್ದದ್ದನ್ನು ಇದ್ದಂತೆ ತೂಗಿ ಹೇಳಿದ್ದರೆ ಹಿರಿಯರು ಅರ್ಥಮಾಡಿಕೊಳ್ಳದಷ್ಟು ದಡ್ಡರಾಗಿರಲಿಲ್ಲ.

ಕೈಹಿಡಿದು ಕರೆದೊಯ್ದವರು

ಇಷ್ಟು ತೊಡಕುಗಳ ನಡುವೆಯೂ ಹಿರಿಯರು ಹೋದರು. ಹೇಗೆ? ಆಶಾ ಕಾರ್ಯಕರ್ತೆಯರು ಮನೆಮನೆಗೆ ಬಂದು, ಒಮ್ಮೆ ಬೇಡವೆಂದವರ ಮನೆಗೆ ಮತ್ತೆ ಬಂದರು. ಹಾಸಿಗೆ ಹಿಡಿದವರಿಗೆ ಮನೆಯಲ್ಲೇ ಲಸಿಕೆ ಕೊಡಬಹುದೆಂದು ಕೇಂದ್ರ ಸರ್ಕಾರ ಒಪ್ಪಿದ್ದು 2021ರ ಸೆಪ್ಟೆಂಬರಿನಲ್ಲಿ. ನವೆಂಬರಿನಲ್ಲಿ ಮನೆಬಾಗಿಲಿಗೇ ಹೋಗುವ ಅಭಿಯಾನ ಆರಂಭವಾಯಿತು. ಒಳ್ಳೆಯ ಕ್ರಮವೇ, ಆದರೆ ತಡವಾಗಿ ಬಂತು. ಅತಿ ಹೆಚ್ಚು ಅಪಾಯವಿದ್ದ ಏಪ್ರಿಲ್, ಮೇ ತಿಂಗಳುಗಳು ಆಗಲೇ ಕಳೆದುಹೋಗಿದ್ದವು.

ಅದಕ್ಕೂ ಮೊದಲು ಎಷ್ಟೋ ಮನೆಗಳಲ್ಲಿ ಕೆಲಸಕ್ಕೆ ಬಂದವರು ವಿದ್ಯಾರ್ಥಿಗಳು. ಆ ವರ್ಷ ಶಾಲೆ ಕಾಲೇಜುಗಳು ಮುಚ್ಚಿದ್ದವು. ದ್ವಿತೀಯ ಪಿಯುಸಿ ಪರೀಕ್ಷೆಯೇ ರದ್ದಾಯಿತು. ಪಾಠ ಕೇಳಲೆಂದು ಮನೆಗೊಂದು ಸ್ಮಾರ್ಟ್ ಫೋನು ಬಂದಿತ್ತು. ಕೋವಿನ್‌ನಲ್ಲಿ ಹೆಸರು ಹಚ್ಚಿ, ಮೊಬೈಲಿಗೆ ಬಂದ ಸಂಖ್ಯೆಯನ್ನು ಓದಿ, ಆಧಾರ್ ಕಾರ್ಡು ಹುಡುಕಿಕೊಟ್ಟು, ಕೇಂದ್ರದವರೆಗೆ ಜತೆಗೆ ಹೋಗಿ, ಸೂಜಿಯಾದ ಮೇಲೆ ಅರ್ಧ ಗಂಟೆ ಪಕ್ಕದಲ್ಲಿ ಕುಳಿತು ಕರೆತಂದವರು ಈ ಮೊಮ್ಮಕ್ಕಳು. ಕಪ್ಪತಗುಡ್ಡದ ಸುತ್ತಿನ ತಾಂಡಾಗಳಲ್ಲಿ ದುಡಿಯುವ ವಯಸ್ಸಿನವರು ಗೋವಾ, ಮಂಗಳೂರಿನ ಕಡೆ ಗುಳೆ ಹೋಗುವುದು ಹಳೆಯ ಸಂಗತಿ. ಅಂಥ ಮನೆಗಳಲ್ಲಿ ಉಳಿಯುವವರು ಮುದುಕರು ಮತ್ತು ಮಕ್ಕಳು. ನಡುವಿನ ತಲೆಮಾರು ಊರಲ್ಲಿಲ್ಲದ ಕಡೆ ಅಜ್ಜಿಗೆ ಓದಿ ಹೇಳಲು ಮೊಮ್ಮಗಳಲ್ಲದೆ ಇನ್ಯಾರು?

ಇಲ್ಲಿ ಒಂದು ಸೊಗಸಾದ ತಿರುವು ಇದೆ. ಭಾರತದಲ್ಲಿ ಪಲ್ಸ್ ಪೋಲಿಯೊ ಕಾರ್ಯಕ್ರಮ ಆರಂಭವಾದದ್ದು 1995ರಲ್ಲಿ. ಅಲ್ಲಿಂದಾಚೆ ಪೋಲಿಯೊ ಭಾನುವಾರ ಬಂದರೆ ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು ಬೂತಿಗೆ ಹೋಗುತ್ತಿದ್ದವರು ಬಹಳ ಮನೆಗಳಲ್ಲಿ ಅಜ್ಜಿಯರೇ. ತಾಯಿ ಕೂಲಿಗೋ ಅಡುಗೆಗೋ ಹೋಗಿರುತ್ತಿದ್ದಳು. ಕಿರುಬೆರಳಿಗೆ ಮಸಿ ಹಚ್ಚಿಸಿಕೊಂಡು ಬಂದ ಆ ಮಗು ಇಪ್ಪತ್ತು ವರ್ಷದ ಮೇಲೆ ಅಜ್ಜಿಯ ಕೈಹಿಡಿದು ಆಸ್ಪತ್ರೆಗೆ ಕರೆದೊಯ್ಯಿತು. 2022ರ ಜನವರಿ 3ರಂದು ಹದಿನೈದರಿಂದ ಹದಿನೆಂಟರೊಳಗಿನ ಮಕ್ಕಳಿಗೆ ಲಸಿಕೆ ಆರಂಭವಾಯಿತು. ಒಂದೇ ವಾರ ಬಿಟ್ಟು, ಜನವರಿ 10ರಂದು, ಬೇರೆ ಕಾಯಿಲೆಗಳಿದ್ದ ಅರವತ್ತು ದಾಟಿದವರಿಗೆ ಮುನ್ನೆಚ್ಚರಿಕೆಯ ಡೋಸ್ ಬಂತು. ಅಜ್ಜ, ಮೊಮ್ಮಗ ಇಬ್ಬರೂ ಒಂದೇ ತಿಂಗಳಲ್ಲಿ ತೋಳು ಚಾಚಿದ ಮನೆಗಳು ಆಗ ಕಡಿಮೆಯಿರಲಿಲ್ಲ.

ಕೇಳುವುದು, ಒತ್ತಾಯಿಸುವುದಲ್ಲ

ಜತೆಗೆ ಹೋಗುವುದು ಬೇರೆ, ಎಳೆದೊಯ್ಯುವುದು ಬೇರೆ. ‘ಹಾಕಿಸಿಕೊಳ್ಳದಿದ್ದರೆ ಪಡಿತರ ಸಿಗದು, ಪಿಂಚಣಿ ಬಾರದು’ ಎಂದು ಹಿರಿಯರನ್ನು ಹೆದರಿಸಿದ ಉದಾಹರಣೆಗಳು ದೇಶದ ಹಲವೆಡೆ ಇದ್ದವು. 2022ರ ಮೇ 2ರಂದು ಸುಪ್ರೀಂ ಕೋರ್ಟು, ಯಾರಿಗೂ ಬಲವಂತವಾಗಿ ಲಸಿಕೆ ಹಾಕುವಂತಿಲ್ಲ ಎಂದು ಸ್ಪಷ್ಟವಾಗಿ ಹೇಳಿತು. ಅದೇ ತೀರ್ಪಿನಲ್ಲಿ, ಸಮಾಜದ ಹಿತಕ್ಕಾಗಿ ಸರ್ಕಾರ ಮಿತಿಯೊಳಗಿನ ನಿರ್ಬಂಧಗಳನ್ನು ವಿಧಿಸಬಹುದು ಎಂದೂ ಹೇಳಿತು. ಮನೆಗೂ ಈ ಮಾತು ಸಲ್ಲುತ್ತದೆ. ಎಂಬತ್ತು ವರ್ಷ ಬದುಕಿದವರ ಮೈ ಅವರದೇ. ಕಾರಣ ತಿಳಿಸಿ, ಅವರ ಪ್ರಶ್ನೆಗೆ ಉತ್ತರ ಕೊಟ್ಟು, ಒಪ್ಪಿಗೆ ಪಡೆಯುವಷ್ಟು ತಾಳ್ಮೆ ಮಕ್ಕಳಿಗೆ ಇರಬೇಕು. ‘ನನಗ್ಯಾಕ?’ ಎಂದ ಅನೇಕ ಹಿರಿಯರು ‘ನೀ ಇರಬೇಕಬೇ, ಅದಕ್ಕ’ ಎಂಬ ಒಂದು ಮಾತಿಗೆ ಎದ್ದು ಸೆರಗು ಸರಿಮಾಡಿಕೊಂಡು ಹೊರಟರು.

ವಿಶ್ವ ಆರೋಗ್ಯ ಸಂಸ್ಥೆ 2023ರ ಮೇ 5ರಂದು ಕೊರೋನಾದ ತುರ್ತುಪರಿಸ್ಥಿತಿ ಮುಗಿಯಿತೆಂದು ಸಾರಿತು. ಆದರೆ ಹಿರಿಯರ ಆರೋಗ್ಯದ ಪ್ರಶ್ನೆ ಅದರೊಂದಿಗೆ ಮುಗಿಯಲಿಲ್ಲ. ನಮ್ಮಲ್ಲಿ ಲಸಿಕೆ ಎಂದರೆ ಕೂಸುಗಳಿಗೆ ಎಂಬ ಭಾವನೆ ಬೇರೂರಿದೆ. ಫ್ಲೂ, ನ್ಯುಮೋನಿಯಾಗಳಿಗೆ ದೊಡ್ಡವರಿಗೂ ಲಸಿಕೆ ಇದೆ ಎಂಬುದು ಎಷ್ಟೋ ಓದಿದ ಮನೆಗಳಿಗೇ ಗೊತ್ತಿಲ್ಲ. ಅಜ್ಜನಿಗೆ ಅದು ಬೇಕೇ ಬೇಡವೇ ಎಂದು ವೈದ್ಯರನ್ನು ಕೇಳುವುದಕ್ಕೆ ಇನ್ನೊಂದು ಸಾಂಕ್ರಾಮಿಕ ಬರಬೇಕಾಗಿಲ್ಲ.

ವಿದ್ಯಾರ್ಥಿಗಳಿಗೆ ಒಂದು ಸಣ್ಣ ಕೆಲಸ. ಈ ರವಿವಾರ ಮನೆಯ ಹಿರಿಯರ ಬಳಿ ಒಂದು ನೋಟುಬುಕ್ಕು ಹಿಡಿದು ಕುಳಿತುಕೊಳ್ಳಿ. ದೇವಿ ಹಾಕಿಸಿಕೊಂಡದ್ದು ಎಲ್ಲಿ, ಆಗ ಅತ್ತದ್ದು ನೆನಪಿದೆಯೇ, ಕೊರೋನಾ ಸೂಜಿಗೆ ಯಾರ ಜತೆ ಹೋದಿರಿ, ಅಲ್ಲಿ ಎಷ್ಟು ಹೊತ್ತು ಕುಳಿತಿರಿ, ಮನಸ್ಸಿನಲ್ಲಿ ಏನಿತ್ತು ಎಂದು ಕೇಳಿ ಅವರ ಮಾತಿನಲ್ಲೇ ಬರೆದಿಡಿ. ಸರ್ಕಾರದ ಕಡತದಲ್ಲಿ ಅವರು ಹಾಕಿಸಿಕೊಂಡ ತಾರೀಖು ಮಾತ್ರ ಇದೆ. ಉಳಿದದ್ದು ಅವರ ನೆನಪಿನಲ್ಲಷ್ಟೇ ಇದೆ. ಬರೆದಾದ ಮೇಲೆ, ಇನ್ನೊಮ್ಮೆ ಆಸ್ಪತ್ರೆಗೆ ಹೋಗಬೇಕಾಗಿ ಬಂದರೆ ಯಾರು ಜತೆಗೆ ಬರಬೇಕೆಂದೂ ಕೇಳಿ, ಆ ಹೆಸರನ್ನೂ ಬರೆದುಕೊಳ್ಳಿ.