ಹೆಣ್ಣುಮಕ್ಕಳ ಓಟವೂ ಲಿಂಗಪರೀಕ್ಷೆಯೂ

ಸಂಸ್ಕೃತವನ್ನು ಕಲಿಯತೊಡಗಿದ ಹುಡುಗನಿಗೆ ಮೊದಲು ದಿಗ್ಭ್ರಮೆಯನ್ನುಂಟುಮಾಡುವುದು ಲಿಂಗವ್ಯವಸ್ಥೆ. ಹೆಂಡತಿ ಎಂಬ ಒಂದೇ ಅರ್ಥದಲ್ಲಿ ‘ಭಾರ್ಯಾ’ ಎಂಬ ಶಬ್ದವು ಸ್ತ್ರೀಲಿಂಗ; ‘ದಾರಾಃ’ ಎಂಬುದು ಪುಲ್ಲಿಂಗ, ಅದೂ ನಿತ್ಯಬಹುವಚನ; ‘ಕಲತ್ರಂ’ ಎಂಬುದು ನಪುಂಸಕ. ಮನೆಯಲ್ಲಿರುವ ಗೃಹಿಣಿಯಾದರೋ ಒಬ್ಬಳೇ. ದೇಹದ ಕುರುಹುಗಳನ್ನು ನೋಡಿ ಲಿಂಗವನ್ನು ನಿರ್ಣಯಿಸಬಹುದೇ ಎಂದು ಪತಂಜಲಿಯು ಮಹಾಭಾಷ್ಯದಲ್ಲಿ ವಿಚಾರಮಾಡಿ, ಮಂಚಕ್ಕೂ ಮರಕ್ಕೂ ಆ ಕುರುಹುಗಳು ಎಲ್ಲಿಯವೆಂದು ಕೇಳಿ, ಆ ಲಕ್ಷಣವು ಸಾಲದೆಂದು ಬಿಟ್ಟನು. ನಮ್ಮ ಕನ್ನಡದಲ್ಲಿ ಈ ತೊಡಕಿಲ್ಲ: ಹೆಣ್ಣಾದರೆ ಅವಳು, ಗಂಡಾದರೆ ಅವನು, ಉಳಿದುದು ಅದು. ಆದರೆ ಹೆಣ್ಣೆಂದರೆ ಯಾರು ಎಂಬುದನ್ನೇ ಲಕ್ಷಣಕಟ್ಟಿ ಹೇಳಬೇಕಾದಾಗ ವೈಯಾಕರಣರ ಪಾಡು ಎಲ್ಲರಿಗೂ ಬರುತ್ತದೆ. ಈಗ ಅದು ಕ್ರೀಡಾಸಂಸ್ಥೆಗಳವರಿಗೆ ಬಂದಿದೆ.

ಈಚೆಗೆ ವಾಚಕರೊಬ್ಬರು, ತಮ್ಮ ಮಗಳು ಓಟದ ಪಂದ್ಯಗಳಲ್ಲಿ ಮುಂದೆ ಬರುತ್ತಿರುವಳೆಂದೂ, ಓಡುವ ಹೆಣ್ಣುಮಕ್ಕಳಿಗೆ ಲಿಂಗಪರೀಕ್ಷೆಯನ್ನು ಮಾಡುವರೆಂಬ ಸುದ್ದಿಯನ್ನೋದಿ ಮನೆಯಾಕೆಯು ಹೆದರಿರುವಳೆಂದೂ ತಿಳಿಸಿ, “ಇದೇನು ಅನರ್ಥ?” ಎಂದು ಕೇಳಿದ್ದಾರೆ. ಮನೆಮಂದಿಯೆಲ್ಲ ಕೂಡಿ ಓದುವ ಪತ್ರಿಕೆಯಲ್ಲಿ ಈ ವಿಷಯವನ್ನೆತ್ತಬಹುದೇ ಎಂಬ ಸಂಕೋಚವು ನನಗೆ ಇಲ್ಲದಿಲ್ಲ. ಆದರೆ ಹೆಣ್ಣುಮಕ್ಕಳನ್ನು ಪಡೆದವರು ತಿಳಿಯದೆ ಮತ್ತಾರು ತಿಳಿಯಬೇಕು?

ಸ್ತ್ರೀಯರಿಗೆ ಬೇರೆ ಪಂದ್ಯವು ಏತಕ್ಕೆ ಎಂಬುದನ್ನು ಮೊದಲು ನೋಡೋಣ. ನೂರು ಮೀಟರು ಓಟದಲ್ಲಿ ಗಂಡಸರ ವಿಶ್ವದಾಖಲೆಯು 2009ರಲ್ಲಿ ಉಸೇನ್ ಬೋಲ್ಟನು ಸ್ಥಾಪಿಸಿದ 9.58 ಸೆಕೆಂಡು, ಹೆಂಗಸರದು 1988ರಲ್ಲಿ ಫ್ಲಾರೆನ್ಸ್ ಗ್ರಿಫಿತ್ ಜಾಯ್ನರ್ ಎಂಬಾಕೆಯು ಸ್ಥಾಪಿಸಿದ 10.49 ಸೆಕೆಂಡು. ಅಂತರವು ಹೆಚ್ಚುಕಡಮೆ ಹತ್ತರಲ್ಲೊಂದು ಪಾಲು. ಪ್ರಾಯಕ್ಕೆ ಬರುವಾಗ ಗಂಡಿನ ದೇಹದಲ್ಲಿ ಟೆಸ್ಟೋಸ್ಟಿರೋನ್ ಎಂಬ ರಸವು ಅನೇಕ ಪಟ್ಟು ಹೆಚ್ಚಾಗಿ ಉತ್ಪನ್ನವಾಗಿ, ಎಲುಬನ್ನೂ ಸ್ನಾಯುವನ್ನೂ ರಕ್ತವನ್ನೂ ಬಲಪಡಿಸುವುದೇ ಇದಕ್ಕೆ ಮುಖ್ಯ ಕಾರಣ. ಗೆರೆಯನ್ನು ಅಳಿಸಿಬಿಟ್ಟರೆ ಲೋಕದ ಅತಿವೇಗದ ಹೆಣ್ಣಿಗೂ ಪದಕದ ಪೀಠವು ದೊರೆಯದು. ಆದಕಾರಣ ಗೆರೆಯೇ ಬೇಡವೆನ್ನುವವರ ಮಾತು ನನಗೆ ಒಪ್ಪಿಗೆಯಲ್ಲ.

ಗೆರೆಯನ್ನು ಎಲ್ಲಿ ಎಳೆಯಬೇಕು, ಎಳೆಯುವಾಗ ಯಾರ ಮಾನ ಹೋಗುತ್ತದೆ, ಎಂಬಲ್ಲಿ ಕಷ್ಟವಿದೆ. 1966ರಲ್ಲಿ ಬುಡಾಪೆಸ್ಟಿನ ಯೂರೋಪು ಖಂಡದ ಪಂದ್ಯಗಳಲ್ಲಿ ಹೆಣ್ಣುಮಕ್ಕಳನ್ನು ವೈದ್ಯರ ಮುಂದೆ ನಿಲ್ಲಿಸಿ ದೇಹವನ್ನೇ ಪರಿಶೀಲಿಸಿದರು. ಅದು ಅಸಹ್ಯವೆನಿಸಿದುದರಿಂದ 1968ರ ಒಲಿಂಪಿಕ್ ಪಂದ್ಯಗಳಿಂದ ಜೀವಕಣದಲ್ಲಿರುವ ವರ್ಣತಂತುಗಳ ಪರೀಕ್ಷೆ ಬಂದಿತು. ಹೆಣ್ಣಿಗೆ ಎರಡು ಎಕ್ಸ್, ಗಂಡಿಗೆ ಒಂದು ಎಕ್ಸ್ ಒಂದು ವೈ ಎಂಬುದು ಸಾಮಾನ್ಯಸೂತ್ರ. ಆದರೆ ಸೂತ್ರವಿದ್ದಲ್ಲಿ ಅಪವಾದವಿಲ್ಲದಿರುವುದುಂಟೆ? ವೈ ತಂತುವಿದ್ದರೂ ಟೆಸ್ಟೋಸ್ಟಿರೋನನ್ನು ದೇಹವು ಗ್ರಹಿಸಲಾರದೆ ಹೋದರೆ ಶಿಶುವು ಹೆಣ್ಣಾಗಿಯೇ ಹುಟ್ಟುತ್ತದೆ, ಹೆಣ್ಣಾಗಿಯೇ ಬೆಳೆಯುತ್ತದೆ. ಸೂಲಗಿತ್ತಿಗೂ ತಾಯಿಗೂ ಸಂಶಯ ಬರುವುದಿಲ್ಲ. ಬಹಳ ಕಾಲ ಆಕೆಗೂ ಬರುವುದಿಲ್ಲ.

ಸ್ಪೇನ್ ದೇಶದ ಮಾರಿಯಾ ಹೊಸೆ ಮಾರ್ಟಿನೆಸ್ ಪಟಿನೋ ಇಂತಹವರಲ್ಲೊಬ್ಬಳು. ಬೇಲಿಗಳನ್ನು ಹಾರಿ ಓಡುವ ಹರ್ಡಲ್ಸ್ ಪಂದ್ಯದಲ್ಲಿ ಆಕೆಗೆ ಪರಿಶ್ರಮ. 1983ರಲ್ಲಿ ಪರೀಕ್ಷೆಯಾಗಿ, ಹೆಣ್ಣೆಂಬ ಪ್ರಮಾಣಪತ್ರವೂ ದೊರೆತಿದ್ದಿತು. 1985ರಲ್ಲಿ ಜಪಾನಿನ ಕೋಬೆ ನಗರದ ವಿಶ್ವವಿದ್ಯಾಲಯ ಪಂದ್ಯಗಳಿಗೆ ಹೋಗುವಾಗ ಆ ಕಾಗದವನ್ನು ಮನೆಯಲ್ಲಿ ಮರೆತುಹೋದಳು. ಅಷ್ಟೇ ತಪ್ಪು! ಪುನಃ ಪರೀಕ್ಷೆಮಾಡಿದಾಗ ವೈ ತಂತು ಕಂಡಿತು. ಕಾಲು ಉಳುಕಿತೆಂದು ನಟಿಸಿ ಸುಮ್ಮನಿರಬೇಕೆಂದು ಆಕೆಗೆ ಹೇಳಿದರು. ಸಂಗಡಿಗರು ಓಡುವುದನ್ನು ಆಕೆ ನೋಡುತ್ತ ಕುಳಿತಳು. ಮುಂದಿನ ವರುಷ ಸ್ವದೇಶದ ಪಂದ್ಯಕ್ಕೂ ಹೀಗೆಯೇ ಸುಳ್ಳುಹೇಳಿ ಹಿಂದೆ ಸರಿಯಬೇಕೆಂದರು. ಆಕೆ ಸರಿಯಲಿಲ್ಲ; ಓಡಿ ಗೆದ್ದಳು. ಕೂಡಲೇ ಗುಟ್ಟು ಪತ್ರಿಕೆಗಳಲ್ಲಿ ಬಯಲಾಯಿತು. ವಿದ್ಯಾರ್ಥಿವೇತನ ಹೋಯಿತು, ವಸತಿ ಹೋಯಿತು, ಗೆಲವುಗಳನ್ನು ದಾಖಲೆಯಿಂದ ಅಳಿಸಿದರು, ವಿವಾಹಕ್ಕೆ ಗೊತ್ತಾಗಿದ್ದ ವರನೂ ಬಿಟ್ಟುಹೋದನು. ಟೆಸ್ಟೋಸ್ಟಿರೋನಿನಿಂದ ಆಕೆಯ ದೇಹಕ್ಕೆ ಯಾವ ಲಾಭವೂ ಇಲ್ಲವೆಂಬ ವಾದವನ್ನು ಒಪ್ಪಿ ಸಂಸ್ಥೆಯವರು 1988ರಲ್ಲಿ ಪುನಃ ಸೇರಿಸಿಕೊಂಡರು. ಅಷ್ಟರಲ್ಲಿ ಓಟಗಾರ್ತಿಯ ಆಯುಷ್ಯದ ಉತ್ತಮ ವರ್ಷಗಳು ಕಳೆದಿದ್ದುವು. 1996ರ ಅಟ್ಲಾಂಟಾ ಒಲಿಂಪಿಕ್‌ನಲ್ಲಿ 3387 ಮಂದಿಯನ್ನು ಪರೀಕ್ಷಿಸಿದುದರಲ್ಲಿ ಎಂಟು ಮಂದಿಯಲ್ಲಿ ಭೇದ ಕಂಡಿತು. ಎಂಟು ಮಂದಿಗೂ ಓಡಲು ಅನುಮತಿ ದೊರೆಯಿತು. ಇಷ್ಟಕ್ಕೆ ಇಷ್ಟು ಶ್ರಮವೇಕೆಂದೋ ಏನೋ, 2000ದ ಸಿಡ್ನಿ ಒಲಿಂಪಿಕ್‌ಗೆ ಮುಂಚೆ ಆ ಪರೀಕ್ಷೆಯನ್ನು ನಿಲ್ಲಿಸಿದರು.

ಎಲ್ಲರ ಪರೀಕ್ಷೆ ನಿಂತು, ಸಂಶಯ ಬಂದವರ ಪರೀಕ್ಷೆ ಉಳಿಯಿತು. ಇದು ಮತ್ತಷ್ಟು ಕ್ರೂರವಾಯಿತೆಂದೇ ಹೇಳಬೇಕು. ಏಕೆಂದರೆ ಮುಖವನ್ನೂ ಮೈಕಟ್ಟನ್ನೂ ನೋಡಿ ಸಂಶಯಪಡುವ ಅಧಿಕಾರವು ಯಾರುಯಾರಿಗೋ ಬಂದಿತು. ತಮಿಳುನಾಡಿನ ಪುದುಕೋಟೆ ಜಿಲ್ಲೆಯ ಬಡ ಕೂಲಿಗಾರರ ಮಗಳು ಶಾಂತಿ ಸೌಂದರರಾಜನ್ 2006ರ ದೋಹಾ ಏಷ್ಯಾ ಪಂದ್ಯಗಳಲ್ಲಿ 800 ಮೀಟರು ಓಟದಲ್ಲಿ ಬೆಳ್ಳಿಯ ಪದಕವನ್ನು ಗೆದ್ದಳು. ಪರೀಕ್ಷೆಯಾಯಿತು, ಪದಕ ಹೋಯಿತು, ದೇಹದ ಸಂಗತಿ ಊರೂರಿನ ಪತ್ರಿಕೆಗಳಲ್ಲಿ ಅಚ್ಚಾಯಿತು. ಆ ಹೆಣ್ಣುಮಗಳು ಮುಂದೆ ಕೆಲವು ಕಾಲ ಇಟ್ಟಿಗೆಯ ಗೂಡಿನಲ್ಲಿ ಕೂಲಿಮಾಡಿದಳು. ಒಡಿಶಾದ ನೇಕಾರರ ಮನೆಯ ದ್ಯುತಿ ಚಂದಳನ್ನು 2014ರಲ್ಲಿ ಇದೇ ಕಾರಣದಿಂದ ಗ್ಲಾಸ್ಗೋ ಪಂದ್ಯಗಳ ತಂಡದಿಂದ ತೆಗೆದರು. ಆಕೆ ಮಾತ್ರ ಸುಮ್ಮನಾಗದೆ ಅಂತರರಾಷ್ಟ್ರೀಯ ಕ್ರೀಡಾನ್ಯಾಯಾಲಯಕ್ಕೆ ಹೋದಳು. 2015ರಲ್ಲಿ ಆ ನಿಯಮವು ತಡೆಹಿಡಿಯಲ್ಪಟ್ಟಿತು. 2018ರ ಜಕಾರ್ತಾ ಪಂದ್ಯಗಳಲ್ಲಿ ಆಕೆ ಎರಡು ಬೆಳ್ಳಿಯ ಪದಕಗಳನ್ನು ತಂದಳು.

ಅಳತೆಗೋಲು ಹೇಗೆ ಸರಿಯುತ್ತ ಬಂದಿದೆಯೆಂಬುದನ್ನೂ ವಾಚಕರು ಗಮನಿಸಬೇಕು. ರಕ್ತದ ಟೆಸ್ಟೋಸ್ಟಿರೋನ್ ಲೀಟರಿಗೆ ಹತ್ತು ನ್ಯಾನೋಮೋಲಿಗಿಂತ ಕಡಮೆಯಿರಬೇಕೆಂದು 2011ರಲ್ಲಿ, ಕೆಲವು ಓಟಗಳಿಗೆ ಐದಕ್ಕಿಂತ ಕಡಮೆಯೆಂದು 2018ರಲ್ಲಿ, ಎಲ್ಲ ಪಂದ್ಯಗಳಿಗೂ ಎರಡೂವರೆಗಿಂತ ಕಡಮೆಯೆಂದು 2023ರಲ್ಲಿ ವಿಧಿಸಿದರು. ದಕ್ಷಿಣ ಆಫ್ರಿಕಾದ ಕ್ಯಾಸ್ಟರ್ ಸೆಮೆನ್ಯಾ ಈ ವಿಧಿಯ ಮೇಲೆ ವ್ಯಾಜ್ಯ ಹೂಡಿದಾಗ ಕ್ರೀಡಾನ್ಯಾಯಾಲಯವು 2019ರಲ್ಲಿ, ಇದು ಭೇದಭಾವವೇ ಹೌದು, ಆದರೂ ಸ್ತ್ರೀಯರ ಪಂದ್ಯವನ್ನು ಕಾಪಾಡಲು ಅವಶ್ಯಕವೆಂದು ತೀರ್ಮಾನಿಸಿತು. ಆಕೆಯ ಮೇಲ್ಮನವಿಯನ್ನು ಸ್ವಿಟ್ಜರ್ಲೆಂಡಿನ ನ್ಯಾಯಾಲಯವು ಸರಿಯಾಗಿ ವಿಚಾರಿಸಲಿಲ್ಲವೆಂದು ಯೂರೋಪಿನ ಮಾನವಹಕ್ಕುಗಳ ನ್ಯಾಯಾಲಯವು 2025ರಲ್ಲಿ ಹೇಳಿತು. ಅದೇ ವರ್ಷದ ಸೆಪ್ಟೆಂಬರಿನಿಂದ, ಕೆನ್ನೆಯ ಒಳಭಾಗದ ಒರಸಿನಿಂದಲೋ ರಕ್ತದಿಂದಲೋ ಎಸ್‌ಆರ್‌ವೈ ಎಂಬ ಗಂಡುಬೀಜಾಂಶವನ್ನು ಹುಡುಕುವ ಪರೀಕ್ಷೆಯು ವಿಶ್ವಮಟ್ಟದ ಸ್ತ್ರೀಪಂದ್ಯಗಳಿಗೆ ಬಂದಿತು. ಪಟಿನೋವಿನಂತೆ ಟೆಸ್ಟೋಸ್ಟಿರೋನನ್ನು ಸ್ವಲ್ಪವೂ ಗ್ರಹಿಸಲಾರದವರಿಗೆ ಅದರಲ್ಲಿ ವಿನಾಯಿತಿ ಇಟ್ಟಿದ್ದಾರೆ. ಗಂಡಾಗಿ ಪ್ರಾಯಕ್ಕೆ ಬಂದು ಅನಂತರ ಸ್ತ್ರೀಯಾಗಿ ಬಾಳುವವರನ್ನು ವಿಶ್ವಮಟ್ಟದ ಸ್ತ್ರೀಯರ ಓಟಗಳಿಂದ 2023ರಲ್ಲಿಯೇ ಹೊರಗಿಟ್ಟಿದ್ದರು. ಮೇಲೆ ಹೇಳಿದ ದೇಹಬಲದ ಕಾರಣದಿಂದ ಅದು ನನಗೆ ಅನ್ಯಾಯವಾಗಿ ತೋರುವುದಿಲ್ಲ.

ಆದರೆ ಓಟದ ಗೆರೆಯನ್ನೇ ಕಚೇರಿಗೂ ಆಸ್ಪತ್ರೆಗೂ ಬಾಡಿಗೆಯ ಮನೆಗೂ ಎಳೆದುಕೊಂಡು ಹೋಗುವವರಿದ್ದಾರೆ. ಅವರೊಡನೆ ನನ್ನ ಜಗಳ. ಮೀಮಾಂಸಕರು ಅಧಿಕಾರನಿರ್ಣಯವನ್ನು ಆಯಾ ಕರ್ಮಕ್ಕೆ ಕಟ್ಟುತ್ತಾರೆ. ರಾಜಸೂಯಕ್ಕೆ ರಾಜನಿಗೆ ಮಾತ್ರ ಅಧಿಕಾರವೆಂದರೆ ಉಳಿದವರಿಗೆ ಉಣ್ಣಲು ಅಧಿಕಾರವಿಲ್ಲವೆಂದು ಅರ್ಥವಲ್ಲ. ನಮ್ಮ ಸರ್ವೋಚ್ಚ ನ್ಯಾಯಾಲಯವು 2014ರಲ್ಲಿ, ತಾನು ಗಂಡೋ ಹೆಣ್ಣೋ ಮೂರನೆಯ ವರ್ಗವೋ ಎಂಬುದನ್ನು ಹೇಳಿಕೊಳ್ಳುವ ಹಕ್ಕು ಆಯಾ ವ್ಯಕ್ತಿಯದೆಂದು ತೀರ್ಪಿತ್ತಿತು. ನಮ್ಮ ಕರ್ನಾಟಕ ಸರ್ಕಾರವು 2021ರಲ್ಲಿ ಇಂತಹವರಿಗೆ ಸರ್ಕಾರಿ ಕೆಲಸಗಳಲ್ಲಿ ನೂರಕ್ಕೆ ಒಂದರಂತೆ ಮೀಸಲಿಟ್ಟಿತು. ಇವು ಅನ್ನದ ಮತ್ತು ಮಾನದ ಮಾತುಗಳು. ಇಲ್ಲಿ ಸೆಕೆಂಡಿನ ನೂರರಲ್ಲೊಂದು ಪಾಲನ್ನು ಅಳೆಯುವ ಕೆಲಸವಿಲ್ಲ.

ಕಾಗದ ಬರೆದ ಮಹನೀಯರಿಗೆ ನಾನು ಹೇಳುವುದಿಷ್ಟು. ಶಾಲೆಯ ಓಟಕ್ಕೂ ಜಿಲ್ಲೆಯ ಓಟಕ್ಕೂ ವಿಶ್ವಸಂಸ್ಥೆಯವರ ಈ ನಿಯಮವಿಲ್ಲ. ಮಗಳು ನಿಶ್ಚಿಂತೆಯಾಗಿ ಓಡಲಿ. ಮುಂದೆ ಆ ಮಟ್ಟಕ್ಕೆ ಏರಿದಳಾದರೆ, ಆ ಪರೀಕ್ಷೆಯು ಜೀವಮಾನದಲ್ಲಿ ಒಂದು ಸಲ ಮಾತ್ರ. ಪಂದ್ಯದೂರಿನಲ್ಲಿ, ಹೊರಡುವ ಹಿಂದಿನ ರಾತ್ರಿ, ಅದನ್ನು ಮಾಡಿಸಬೇಡಿರಿ. ಬಹು ಮುಂಚಿತವಾಗಿ ನಿಮ್ಮ ನಂಬಿಕೆಯ ವೈದ್ಯರಿಂದ ಅದರ ಅರ್ಥವನ್ನು ಕೇಳಿ ತಿಳಿಯಿರಿ. ಫಲವನ್ನು ಯಾರು ನೋಡುವರು, ಯಾರು ಇಟ್ಟುಕೊಳ್ಳುವರು ಎಂಬುದನ್ನು ಬರವಣಿಗೆಯಲ್ಲಿ ಪಡೆಯಿರಿ. ತಾಯಿಯು ಜೊತೆಯಲ್ಲಿರಲಿ. ಪ್ರಮಾಣಪತ್ರ ಬಂದರೆ ಅದರ ಒಂದು ಪ್ರತಿಯನ್ನು ಮಗಳ ಪ್ರಯಾಣದ ಪೆಟ್ಟಿಗೆಯಲ್ಲಿಯೇ ಇಡಿರಿ.