ದ್ವೀಪದ ನುಡಿ
ಅಮೆರಿಕದಲ್ಲಿರುವ ಬಂಧುಗಳೊಡನೆ ದಕ್ಷಿಣ ಕ್ಯಾರೊಲೈನಾದ ಕಡಲತೀರಕ್ಕೆ ಪ್ರವಾಸ ಯೋಜಿಸುವವರಿಗೆ ಏಪ್ರಿಲ್, ಮೇ ತಿಂಗಳ ಶಾಲಾ ರಜೆಯೇ ಹಿತ. ಜೂನ್ 1ರಿಂದ ನವೆಂಬರ್ 30ರವರೆಗೆ ಅಲ್ಲಿ ಚಂಡಮಾರುತದ ಕಾಲ. ಚಾರ್ಲ್ಸ್‌ಟನ್ ನಗರವನ್ನೂ ಹಿಲ್ಟನ್ ಹೆಡ್ ದ್ವೀಪದ ಮರಳುತೀರವನ್ನೂ ಯಾರೂ ಬಿಡರು. ಸೇಂಟ್ ಹೆಲೆನಾ ದ್ವೀಪಕ್ಕೂ ಒಂದು ದಿನವನ್ನು ಮೀಸಲಿಡುವುದು ಯುಕ್ತ. ಗುಲಾಮಗಿರಿಯಿಂದ ಬಿಡುಗಡೆ ಹೊಂದಿದವರಿಗಾಗಿ 1862ರಲ್ಲಿ ತೆರೆದ ಪೆನ್ ಶಾಲೆಯ ಆವರಣ ಅಲ್ಲಿದೆ. ಆಫ್ರಿಕದ ನುಡಿಗಳೂ ಇಂಗ್ಲಿಷೂ ಬೆರೆತು ಹುಟ್ಟಿದ ‘ಗಲ್ಲಾ’ ಎಂಬ ಭಾಷೆ ಈ ದ್ವೀಪಗಳ ಏಕಾಂತದಲ್ಲಿ ಬಾಳಿಕೊಂಡು ಬಂದಿತು. 1956ರಲ್ಲಿ ಹಿಲ್ಟನ್ ಹೆಡ್‌ಗೆ ಸೇತುವೆಯಾದ ಬಳಿಕ ವಿಹಾರಧಾಮಗಳೆದ್ದವು, ಭೂತೆರಿಗೆ ಏರಿತು. ಅನೇಕ ಗಲ್ಲಾ ಕುಟುಂಬಗಳು ಹಿರಿಯರ ನೆಲವನ್ನು ಕಳೆದುಕೊಂಡವು. ನೆಲ ಹೋದಲ್ಲಿ ನುಡಿ ಎಷ್ಟು ಕಾಲ ನಿಂತೀತು? ಚಾರ್ಲ್ಸ್‌ಟನ್ನಿನ ಮಾರುಕಟ್ಟೆಯಲ್ಲಿ ಹುಲ್ಲಿನ ಬುಟ್ಟಿ ಹೆಣೆಯುವವರು ಆ ಸಮುದಾಯದವರೇ. ಬೆಲೆಗೆ ಚೌಕಾಸಿ ಮಾಡದಿರುವುದು ಲೇಸು, ಒಂದೊಂದು ಬುಟ್ಟಿಗೂ ದಿನಗಟ್ಟಲೆ ದುಡಿಮೆಯಿದೆ.