ಬಿಚ್ಚುವ ಮುನ್ನ ವಿಚಾರ

ಮೋಟಾರು ವಾಹನವು ತೊಂದರೆ ಕೊಡತೊಡಗಿದಾಗ ನಮ್ಮಲ್ಲಿ ಮೊದಲು ಕೇಳಿಬರುವ ಮಾತು 'ಬಿಚ್ಚಿ ನೋಡೋಣ' ಎಂಬುದು. ಬಿಚ್ಚುವ ಮುನ್ನ ವಿಚಾರ ಮಾಡೋಣ ಎಂಬ ಮಾತು ಅಪರೂಪ. ವೈದ್ಯಶಾಸ್ತ್ರದಲ್ಲಿ ಚಿಕಿತ್ಸೆಗೆ ಮೊದಲು ನಿದಾನವೆಂಬುದುಂಟು. ರೋಗದ ಕಾರಣವನ್ನರಿಯದೆ ಒಂದಾದ ಮೇಲೊಂದು ಔಷಧವನ್ನು ಕೊಟ್ಟು ನೋಡುವ ವೈದ್ಯನನ್ನು ನಾವಾರೂ ಮೆಚ್ಚುವುದಿಲ್ಲ. ಯಂತ್ರದ ವಿಷಯದಲ್ಲಾದರೋ ಒಂದಾದ ಮೇಲೊಂದು ಭಾಗವನ್ನು ಬದಲಿಸುತ್ತ ಹೋಗುವುದನ್ನು ಸಹಜವೆಂದೇ ಎಣಿಸಿದ್ದೇವೆ. ಇದು ಸರಿಯಾದ ದಾರಿಯಲ್ಲವೆಂಬುದೂ, ಕಾಲೇಜಿನ ಭೌತವಿಜ್ಞಾನವನ್ನು ಮನಸ್ಸಿಟ್ಟು ಓದಿದ ವಿದ್ಯಾರ್ಥಿಗಳು ಯಂತ್ರದ ನಿದಾನವನ್ನು ಬಹುಮಟ್ಟಿಗೆ ತಾವೇ ಮಾಡಬಲ್ಲರೆಂಬುದೂ ನಮ್ಮ ಅಭಿಪ್ರಾಯ. ಕ್ಲಚ್ಚು ಮತ್ತು ಗೇರ್ ಬಾಕ್ಸುಗಳ ಉದಾಹರಣೆಯಿಂದ ಇದನ್ನು ತೋರಿಸಬಹುದು.

ಈ ಉದಾಹರಣೆಯನ್ನೇ ಆರಿಸಿಕೊಂಡುದಕ್ಕೆ ಕಾರಣವಿದೆ. ಕ್ಲಚ್ ಪ್ಲೇಟು ಎಂಜಿನ್ನಿಗೂ ಗೇರ್ ಬಾಕ್ಸಿಗೂ ನಡುವೆ ಅಡಗಿ ಕುಳಿತಿರುತ್ತದೆ. ಅದನ್ನು ಕಣ್ಣಿನಿಂದ ಕಾಣಬೇಕಾದರೆ ಸಾಮಾನ್ಯವಾಗಿ ಗೇರ್ ಬಾಕ್ಸನ್ನೇ ಕೆಳಗಿಳಿಸಬೇಕು. ಆ ಕೆಲಸಕ್ಕೆ ಕೂಲಿಯೂ ಹೆಚ್ಚು, ಕಾಲವೂ ಹೆಚ್ಚು. ಬಾಡಿಗೆಯ ಕಾರನ್ನು ನಂಬಿ ಸಂಸಾರವನ್ನು ಸಾಗಿಸುವವನಿಗೆ ಎರಡು ದಿನ ವಾಹನ ನಿಂತರೆ ಎರಡು ದಿನದ ಅನ್ನ ನಿಂತಂತೆ. ತಪ್ಪು ಊಹೆಯಿಂದ ಒಮ್ಮೆ ಬಿಚ್ಚಿ, ಸರಿಯಾದ ಊಹೆಯಿಂದ ಮತ್ತೊಮ್ಮೆ ಬಿಚ್ಚಬೇಕಾದರೆ ಆ ನಷ್ಟವನ್ನು ಭರಿಸುವವನು ಅವನೇ.

ಕ್ಲಚ್ಚಿನ ಕರ್ತವ್ಯಗಳು ಎರಡೇ: ಕೂಡಿಸುವುದು, ಅಗಲಿಸುವುದು. ಎಂಜಿನ್ನಿನೊಡನೆ ತಿರುಗುವ ಫ್ಲೈವೀಲಿಗೂ ಪ್ರೆಶರ್ ಪ್ಲೇಟಿಗೂ ನಡುವೆ ಕ್ಲಚ್ ಪ್ಲೇಟು ಸ್ಪ್ರಿಂಗಿನ ಬಲದಿಂದ ಅದುಮಲ್ಪಟ್ಟಿರುತ್ತದೆ. ಪೆಡಲನ್ನು ತುಳಿದಾಗ ಆ ಒತ್ತು ಬಿಡುತ್ತದೆ. ಎಂಜಿನ್ನೂ ಗೇರ್ ಬಾಕ್ಸೂ ಬೇರೆಯಾಗುತ್ತವೆ. ಪೆಡಲನ್ನು ಬಿಟ್ಟಾಗ ಘರ್ಷಣೆಯು ಎರಡನ್ನೂ ಒಂದುಗೂಡಿಸುತ್ತದೆ. ಆದುದರಿಂದ ಕ್ಲಚ್ಚಿನ ಕಾಯಿಲೆಗಳಲ್ಲಿ ಹೆಚ್ಚಿನವು ಎರಡು ವರ್ಗಕ್ಕೆ ಸೇರಿದವು: ಪೂರ್ಣವಾಗಿ ಕೂಡದಿರುವುದು ಒಂದು, ಪೂರ್ಣವಾಗಿ ಅಗಲದಿರುವುದು ಮತ್ತೊಂದು. ಇವುಗಳಲ್ಲಿ ಯಾವುದು ಎಂಬುದೇ ಮೊದಲನೆಯ ಪ್ರಶ್ನೆ.

ಕೂಡದಿರುವುದನ್ನು ಮೊದಲು ವಿಚಾರಿಸೋಣ. ಘರ್ಷಣೆಯು ಒತ್ತುವ ಬಲಕ್ಕೆ ಅನುಪಾತದಲ್ಲಿರುತ್ತದೆಂಬ ನಿಯಮವನ್ನು ಅಮೊಂಟನ್ಸನು 1699ರಲ್ಲಿ ಪ್ರತಿಪಾದಿಸಿದನು. ಕೂಲಂಬನು 1785ರಲ್ಲಿ ಪ್ರಕಟವಾದ ತನ್ನ ಪ್ರಬಂಧದಲ್ಲಿ ಅದನ್ನು ವಿಸ್ತರಿಸಿದನು. ಒಂದು ಕ್ಲಚ್ಚಿನಲ್ಲಿ ಒತ್ತುವ ಬಲ 4000 ನ್ಯೂಟನ್, ಘರ್ಷಣಾಂಕ 0.3, ಪ್ಲೇಟಿನ ಸರಾಸರಿ ತ್ರಿಜ್ಯ 9 ಸೆಂಟಿಮೀಟರ್ ಎಂದು ಇಟ್ಟುಕೊಳ್ಳೋಣ. ಘರ್ಷಣೆಯ ಮುಖಗಳು ಎರಡು. ಇವನ್ನು ಗುಣಿಸಿದರೆ ಆ ಕ್ಲಚ್ಚು ಜಾರದೆ ಸಾಗಿಸಬಲ್ಲ ತಿರುಗುಬಲವು 216 ನ್ಯೂಟನ್ ಮೀಟರ್ ಎಂದು ದೊರೆಯುತ್ತದೆ. ಎಂಜಿನ್ನಿನ ಪರಮಾವಧಿ ತಿರುಗುಬಲವು 150 ಆಗಿದ್ದರೆ ಚಿಂತೆಯಿಲ್ಲ. ಈಗ ಪ್ಲೇಟಿನ ಮೇಲೆ ಎಣ್ಣೆ ಬಿದ್ದು ಘರ್ಷಣಾಂಕವು 0.15ಕ್ಕೆ ಇಳಿಯಿತೆನ್ನಿ. ಕ್ಲಚ್ಚಿನ ಸಾಮರ್ಥ್ಯ 108ಕ್ಕೆ ಇಳಿಯುತ್ತದೆ.

ಇಲ್ಲಿಯೇ ಗಮನಿಸತಕ್ಕ ಸ್ವಾರಸ್ಯವಿದೆ. ಸಮತಟ್ಟಾದ ರಸ್ತೆಯಲ್ಲಿ ಮೆಲ್ಲನೆ ಹೋಗಲು ಐವತ್ತು ಅರವತ್ತು ನ್ಯೂಟನ್ ಮೀಟರ್ ಸಾಕಾಗಬಹುದು; ಆಗ ಈ ಕ್ಲಚ್ಚು ಆರೋಗ್ಯವಾಗಿರುವಂತೆಯೇ ತೋರುತ್ತದೆ. ಆಗುಂಬೆಯ ಘಟ್ಟದಂತಹ ಏರಿನಲ್ಲಿ ಆಕ್ಸಿಲರೇಟರನ್ನು ಪೂರ್ತಿ ಒತ್ತಿದಾಗ ಮಾತ್ರ ಗುಟ್ಟು ಹೊರಬೀಳುತ್ತದೆ. ಎಂಜಿನ್ನಿನ ಸದ್ದು ಏರುತ್ತದೆ, ವಾಹನದ ವೇಗ ಏರುವುದಿಲ್ಲ; ಸುಟ್ಟ ವಾಸನೆಯೂ ಬರುತ್ತದೆ. ವಾಸನೆಯ ಕಾರಣವನ್ನೂ ಲೆಕ್ಕದಿಂದಲೇ ತಿಳಿಯಬಹುದು. 100 ನ್ಯೂಟನ್ ಮೀಟರ್ ತಿರುಗುಬಲದಲ್ಲಿ ಎರಡು ಮುಖಗಳ ನಡುವೆ ಸೆಕೆಂಡಿಗೆ 100 ರೇಡಿಯನ್, ಅಂದರೆ ನಿಮಿಷಕ್ಕೆ ಸುಮಾರು 955 ಸುತ್ತುಗಳ ವ್ಯತ್ಯಾಸವಿದ್ದರೆ, ಅಲ್ಲಿ ಹುಟ್ಟುವ ಶಾಖ 10,000 ವಾಟ್. ಬಕೆಟ್ಟಿನಲ್ಲಿ ನೀರು ಕಾಯಿಸುವ 1000 ವಾಟಿನ ಹೀಟರುಗಳು ಹತ್ತನ್ನು ಆ ಇಕ್ಕಟ್ಟಿನಲ್ಲಿ ಉರಿಸಿದಂತಾಯಿತು! ಪ್ಲೇಟು ಕರಕಲಾಗುವುದರಲ್ಲಿ ಆಶ್ಚರ್ಯವೇನು?

ಇನ್ನು ಅಗಲದಿರುವುದು. ಎಂಜಿನ್ ನಿಂತಿರುವಾಗ ಎಲ್ಲ ಗೇರುಗಳೂ ಸರಾಗವಾಗಿ ಬೀಳುತ್ತವೆ. ಎಂಜಿನ್ ಓಡುತ್ತಿರುವಾಗ ಪೆಡಲನ್ನು ಪೂರ್ತಿ ತುಳಿದರೂ ಕರ್ರೆಂದು ಸದ್ದು ಮಾಡಿ ಹಟ ಹಿಡಿಯುತ್ತವೆ. ಇದನ್ನು ಕಂಡು 'ಗೇರ್ ಬಾಕ್ಸು ಹೋಯಿತು' ಎನ್ನುವವರು ಬಹಳ. ಆದರೆ ಗೇರುಗಳೇ ಕೆಟ್ಟಿದ್ದರೆ ಎಂಜಿನ್ ನಿಂತಾಗ ಅವು ಸಾಧುಗಳಾಗಲು ಕಾರಣವಿಲ್ಲ. ಪ್ಲೇಟು ಇನ್ನೂ ಎಂಜಿನ್ನಿಗೆ ತಗುಲಿಕೊಂಡೇ ಸುತ್ತುತ್ತಿದೆ ಎಂಬುದೇ ಹೆಚ್ಚು ಸಂಭವನೀಯವಾದ ತೀರ್ಮಾನ. ಆಗ ಮೊದಲು ನೋಡತಕ್ಕದ್ದು ಪೆಡಲಿನಿಂದ ಕ್ಲಚ್ಚಿಗೆ ಹೋಗುವ ಕೇಬಲ್ಲನ್ನು ಅಥವಾ ದ್ರವದ ಕೊಳವೆಯನ್ನು. ದ್ರವದ ವ್ಯವಸ್ಥೆಯಲ್ಲಿ ಪೆಡಲನ್ನು ನಾಲ್ಕಾರು ಸಲ ಬೇಗಬೇಗನೆ ತುಳಿದಾಗ ಗೇರು ಸಲೀಸಾಗಿ ಬಿದ್ದರೆ ಕೊಳವೆಯಲ್ಲಿ ಗಾಳಿ ಸೇರಿರಬಹುದೆಂದು ತಿಳಿಯಬೇಕು. ದ್ರವವು ಕುಗ್ಗುವುದು ಅತ್ಯಲ್ಪ; ಗಾಳಿ ಕುಗ್ಗಿ ಕಾಲಿನ ಶ್ರಮವನ್ನು ತಾನೇ ನುಂಗಿಬಿಡುತ್ತದೆ. ಇಂತಹ ದೋಷವನ್ನು ಬಹುಪಾಲು ಗೇರ್ ಬಾಕ್ಸನ್ನು ಇಳಿಸದೆಯೇ ಸರಿಪಡಿಸಬಹುದು. ಒಂದು ಪ್ರಶ್ನೆಯಿಂದ ಉಳಿದ ಹಣವೆಷ್ಟೆಂಬುದನ್ನು ಓದುಗರೇ ಊಹಿಸಲಿ.

ಸದ್ದು ಒಂದೇ ಗೇರಿನಲ್ಲಿ, ಮೂರನೆಯದರಲ್ಲಿ ಮಾತ್ರ, ಬರುತ್ತಿದ್ದರೆ ವಿಚಾರ ಬೇರೆ. ಕ್ಲಚ್ಚು ಎಲ್ಲ ಗೇರುಗಳಿಗೂ ಸಮಾನ. ಅದು ಒಂದರ ಮೇಲೆ ಮಾತ್ರ ಹಗೆ ಸಾಧಿಸಲಾರದು. ಹಲ್ಲುಗಳು ಕೂಡುವ ಮೊದಲು ಅವುಗಳ ವೇಗವನ್ನು ಸಮಮಾಡುವ ಸಿಂಕ್ರೊಮೆಶ್ ಎಂಬ ಸಾಧನವು 1928ರಲ್ಲಿ ಅಮೆರಿಕದ ಕ್ಯಾಡಿಲಾಕ್ ಕಾರುಗಳಲ್ಲಿ ಬಳಕೆಗೆ ಬಂದಿತು. ಅದೂ ಶಂಕುವಿನಾಕಾರದ ಒಂದು ಪುಟ್ಟ ಘರ್ಷಣ ಯಂತ್ರವೇ. ಆಯಾ ಗೇರಿನ ಉಂಗುರವು ಸವೆದರೆ ಆಯಾ ಗೇರು ಮಾತ್ರ ಕೂಗುತ್ತದೆ.

ಗೊರಗೊರ ಶಬ್ದದ ಪರೀಕ್ಷೆಯಂತೂ ಪ್ರಯೋಗಶಾಲೆಯ ಪದ್ಧತಿಗೆ ಅಚ್ಚುಕಟ್ಟಾದ ನಿದರ್ಶನ. ವಾಹನವನ್ನು ನಿಲ್ಲಿಸಿ, ನ್ಯೂಟ್ರಲ್‌ನಲ್ಲಿಟ್ಟು, ಎಂಜಿನ್ನನ್ನು ಓಡಿಸಬೇಕು. ಪೆಡಲನ್ನು ತುಳಿದೊಡನೆ ಶಬ್ದವು ಅಡಗಿದರೆ, ತುಳಿದಾಗ ನಿಲ್ಲುವ ಭಾಗದಲ್ಲಿ, ಅಂದರೆ ಗೇರ್ ಬಾಕ್ಸಿನೊಳಕ್ಕೆ ಹೋಗುವ ದಂಡದ ಬೇರಿಂಗಿನ ಕಡೆಯಲ್ಲಿ ದೋಷವಿರಬಹುದು. ತುಳಿದಾಗಲೇ ಶಬ್ದ ಹುಟ್ಟಿದರೆ, ಆಗ ಭಾರ ಹೊರುವ ರಿಲೀಸ್ ಬೇರಿಂಗನ್ನು ಶಂಕಿಸಬೇಕು. ಉಳಿದುದೆಲ್ಲವನ್ನೂ ಹಾಗೆಯೇ ಇಟ್ಟು ಒಂದನ್ನು ಮಾತ್ರ ಬದಲಿಸಿ ಫಲವನ್ನು ನೋಡುವುದು ವಿಜ್ಞಾನದ ಮೂಲಪಾಠವಲ್ಲವೆ?

ನಿದಾನವು ಇಲ್ಲಿಗೆ ಮುಗಿಯತಕ್ಕದ್ದಲ್ಲ. ಕಾರಣದ ಹಿಂದೆ ಇನ್ನೊಂದು ಕಾರಣವಿರುತ್ತದೆ. ಪ್ಲೇಟಿನ ಮೇಲೆ ಎಣ್ಣೆ ಬಿದ್ದುದು ಎಂಜಿನ್ನಿನ ಹಿಂಬದಿಯ ಸೀಲು ಸೋರಿದ್ದರಿಂದಾದರೆ, ಸೀಲನ್ನು ಬಿಟ್ಟು ಪ್ಲೇಟನ್ನು ಮಾತ್ರ ಬದಲಿಸಿ ಫಲವೇನು? ಹೊಸ ಪ್ಲೇಟೂ ಎಣ್ಣೆಯಲ್ಲಿ ಮೀಯುತ್ತದೆ. ಏರಿನಲ್ಲಿ ಬ್ರೇಕನ್ನು ಹಿಡಿಯದೆ ಅರೆ ಕ್ಲಚ್ಚಿನಲ್ಲಿಯೇ ವಾಹನವನ್ನು ತಡೆದು ನಿಲ್ಲಿಸುವ ಅಭ್ಯಾಸ ಚಾಲಕನದಾದರೆ ಬದಲಾಗಬೇಕಾದದ್ದು ಆ ಅಭ್ಯಾಸವೂ ಹೌದು.

ನಮ್ಮ ಮಾತಿಗೆ ಎರಡು ಆಕ್ಷೇಪಗಳು ಬರಬಹುದು. ನುರಿತ ಮೇಸ್ತ್ರಿಗೆ ಈ ಲೆಕ್ಕಗಳೇಕೆ, ಅವನು ಕಿವಿಯಿಂದಲೇ ಹೇಳಬಲ್ಲನಲ್ಲವೆ ಎಂಬುದು ಮೊದಲನೆಯದು. ನಿಜ, ಆ ಕಿವಿಗೆ ನಾವು ತಲೆಬಾಗುತ್ತೇವೆ. ಅದು ನೂರಾರು ಪ್ರಯೋಗಗಳಿಂದ ಹದಗೊಂಡ ಉಪಕರಣ. ಆದರೆ ಕಿವಿಯನ್ನು ಇನ್ನೊಬ್ಬರಿಗೆ ಕೊಡಲಾಗುವುದಿಲ್ಲ, ಪ್ರಶ್ನೆಗಳನ್ನು ಕೊಡಬಹುದು. ಅಂತಹ ಮೇಸ್ತ್ರಿಗಳನ್ನು ಕಾಲೇಜಿನ ತರಗತಿಗೆ ಕರೆಸಿ ಅವರ ಬಾಯಿಂದ ಈ ಪ್ರಶ್ನೆಗಳನ್ನು ಕೇಳುವುದು ಪಾಠದ ಒಂದು ಭಾಗವಾಗಬೇಕೆಂದೇ ನಮ್ಮ ಆಶಯ. ವಿದ್ಯುತ್ ಕಾರುಗಳಲ್ಲಿ ಕ್ಲಚ್ಚೇ ಇಲ್ಲದಿರುವಾಗ ಈ ವಿದ್ಯೆ ಎಷ್ಟು ದಿನ ಎಂಬುದು ಎರಡನೆಯದು. ಲಾರಿ, ಟ್ರ್ಯಾಕ್ಟರ್, ಮೋಟಾರ್ ಸೈಕಲ್ಲುಗಳಲ್ಲಿ ಕ್ಲಚ್ಚು ಇಂದಿಗೂ ದುಡಿಯುತ್ತಿದೆ. ಅದು ಮರೆಯಾದರೂ, ಲಕ್ಷಣದಿಂದ ಕಾರಣಕ್ಕೆ ನಡೆಯುವ ಕ್ರಮ ಮರೆಯಾಗದು.

ಒಂದು ಎಚ್ಚರಿಕೆಯನ್ನೂ ಸೇರಿಸಬೇಕು. ಈ ಪರೀಕ್ಷೆಗಳನ್ನು ಬಲ್ಲವರ ಸಮ್ಮುಖದಲ್ಲಿ, ಸಮತಟ್ಟಾದ ಬಯಲಿನಲ್ಲಿ, ವಾಹನದ ಮುಂದೆ ಹಿಂದೆ ಯಾರೂ ನಿಲ್ಲದಂತೆ ನೋಡಿಕೊಂಡು ಮಾಡಬೇಕು. ಗೇರು ತಾನಾಗಿ ಹಾರಿ ನ್ಯೂಟ್ರಲ್ಲಿಗೆ ಬರುವ ವಾಹನವನ್ನು ಘಟ್ಟದ ಇಳಿಜಾರಿಗೆ ಒಯ್ಯಲೇಬಾರದು. ಎಂಜಿನ್ನಿನ ತಡೆ ತಪ್ಪಿ ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ. ಹಳೆಯ ಕ್ಲಚ್ ಪ್ಲೇಟುಗಳ ಲೈನಿಂಗಿನಲ್ಲಿ ಕಲ್ನಾರನ್ನು ಬಳಸುತ್ತಿದ್ದುದರಿಂದ ಅವುಗಳ ಧೂಳನ್ನು ಗಾಳಿ ಹೊಡೆದು ಹಾರಿಸಬಾರದು; ಅದು ಶ್ವಾಸಕೋಶಕ್ಕೆ ವಿಷ.

ವಿದ್ಯಾರ್ಥಿ ಮಿತ್ರರಲ್ಲಿ ನಮ್ಮ ಬಿನ್ನಹವಿಷ್ಟೆ. ಮನೆಯ ವಾಹನವನ್ನು ಗ್ಯಾರೇಜಿಗೆ ಒಯ್ಯುವಾಗ 'ಕ್ಲಚ್ಚು ಹೋಗಿದೆ' ಎನ್ನಬೇಡಿ, ಅದು ತೀರ್ಪು. 'ಏರಿನಲ್ಲಿ, ನಾಲ್ಕನೆಯ ಗೇರಿನಲ್ಲಿ, ಎಂಜಿನ್ನಿನ ಸದ್ದು ಏರುತ್ತದೆ, ವೇಗ ಏರುವುದಿಲ್ಲ' ಎಂದು ಹೇಳಿ, ಅದು ಸಾಕ್ಷ್ಯ. ಯಾವಾಗ, ಯಾವ ಗೇರಿನಲ್ಲಿ, ಪೆಡಲು ಮೇಲಿದ್ದಾಗಲೋ ಕೆಳಗಿದ್ದಾಗಲೋ ಎಂಬುದನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಘರ್ಷಣೆಯ ನಿಯಮವನ್ನು ಪರೀಕ್ಷೆಯಲ್ಲಿ ತಪ್ಪಿಲ್ಲದೆ ಬರೆಯುವುದು ಒಳ್ಳೆಯದು. ಆ ನಿಯಮವು ನೆರೆಮನೆಯವನ ಎರಡು ದಿನದ ದುಡಿಮೆಯನ್ನು ಉಳಿಸುವಂತೆ ಮಾಡುವುದು ಇನ್ನೂ ಒಳ್ಳೆಯದು.